ಕೋವಿಯಿರುವ ಮನೆಯಲ್ಲಿ ಹದಿಹರೆಯ

ಕುದುರೆಮುಖದ ಕಡೆಯಿಂದ ಇಳಿದುಬಂದ ಕಾಡು ಬೆಳ್ತಂಗಡಿಯ ತೋಟಗಳ ಬೇಲಿಯನ್ನು ಮುಟ್ಟುವಲ್ಲಿ, ನೇತ್ರಾವತಿಯ ಇಕ್ಕೆಲಗಳಲ್ಲಿ ಬಂಟ್ವಾಳದ ಅಡಕೆ-ಬಾಳೆಗಳು ಹಬ್ಬಿರುವಲ್ಲಿ, ಬಸದಿಗಳಿಂದ ಪ್ರಖ್ಯಾತವಾದ ಮೂಡುಬಿದಿರೆಯ ಪೇಟೆಯನ್ನು ದಾಟಿ ಗುಡ್ಡ-ಬೈಲುಗಳು ಆರಂಭವಾಗುವಲ್ಲಿ, ಕೃಷಿಕನ ಮನೆಯೊಳಗೆ ಹಾರೆ, ಪಿಕ್ಕಾಸು, ದೋಟಿಗಳ ಜತೆಗೆ ಒಂದು ಕೋವಿಯೂ ಇರುವುದು ಯಾರನ್ನೂ ಚಕಿತಗೊಳಿಸುವ ಸಂಗತಿಯಲ್ಲ. ರಾತ್ರಿ ಗದ್ದೆಗಿಳಿಯುವ ಹಂದಿ, ಎಳನೀರನ್ನೂ ಬಾಳೆಗೊನೆಯನ್ನೂ ಹಾಳುಗೆಡವುವ ಮಂಗ, ಚಾರ್ಮಾಡಿ-ನೆರಿಯದ ಕಡೆಗಳಲ್ಲಿ ಒಮ್ಮೊಮ್ಮೆ ತೋಟವನ್ನೇ ತುಳಿದು ಹೋಗುವ ಆನೆ, ಇವುಗಳ ನಡುವೆ ಬದುಕುವ ಮನುಷ್ಯನಿಗೆ ಬೆಳೆ ರಕ್ಷಣೆಗೆಂದು ಸರಕಾರ ಪರವಾನಗಿ ಕೊಟ್ಟ ಕೋವಿಯು ಕೊಂದು ತಿನ್ನುವ ಸಾಧನವಾಗಿರುವುದಕ್ಕಿಂತ ಹೆಚ್ಚಾಗಿ ಸದ್ದುಮಾಡಿ ಓಡಿಸುವ ಸಾಧನವಾಗಿಯೇ ಬಹುಕಾಲದಿಂದ ಇದೆ. ಕೆಡ್ಡಸ ಹಬ್ಬದ ಬೇಟೆಯ ನೆನಪು ಅಜ್ಜಂದಿರ ಮಾತಿನಲ್ಲಿ ಉಳಿದಿದ್ದರೂ, ವನ್ಯಜೀವಿ ಕಾನೂನು 1972ರಲ್ಲಿ ಬಂದ ಮೇಲೆ ಶಿಕಾರಿಯ ವೈಭವಕ್ಕೆ ನ್ಯಾಯದ ಆಶ್ರಯ ಉಳಿದಿಲ್ಲ.

ಕೃಷಿಕನಿಗೆ ಕೋವಿ ಬೇಕೋ ಬೇಡವೋ ಎಂಬ ವಾದವನ್ನು ನಾನಿಲ್ಲಿ ಎತ್ತಲಾರೆ. ಹಂದಿ ಉತ್ತ ಗದ್ದೆಯನ್ನು ಬೆಳಗ್ಗೆ ಎದ್ದು ಕಾಣದವರು ಆ ವಾದದಲ್ಲಿ ಬಲು ಸುಲಭವಾಗಿ ಗೆಲ್ಲುತ್ತಾರೆ. ಆದರೆ ಅದೇ ಮನೆಯಲ್ಲಿ ಹನ್ನೆರಡು ದಾಟಿದ, ಇಪ್ಪತ್ತಕ್ಕೆ ಇನ್ನೂ ಮುಟ್ಟದ ಮಗನೋ ಮಗಳೋ, ರಜೆಗೆ ಬಂದ ಸೋದರಳಿಯನೋ, ತೋಟದ ಕೆಲಸಕ್ಕೆ ದೂರದಿಂದ ಬಂದು ನೆಲೆಸಿದವರ ಮಕ್ಕಳೋ ಇರುವಾಗ, ಆ ಕೋವಿ ಎಲ್ಲಿರಬೇಕು, ಹೇಗಿರಬೇಕು, ಅದನ್ನು ಕುರಿತು ಹಿರಿಯರು ಹೇಗೆ ಮಾತನಾಡಬೇಕು ಎಂಬ ಪ್ರಶ್ನೆಗಳು ಬೇರೆಯೇ ಆಗಿವೆ. 2025ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ, ಮಾಲೀಕರ ಪರವಾನಗಿಯ ಕೋವಿಯನ್ನು ಹದಿಹರೆಯದ ಬಾಲಕನೊಬ್ಬ ಕೈಗೆತ್ತಿಕೊಂಡು ಆಟವಾಡುತ್ತಿದ್ದಾಗ ಗುಂಡು ಹಾರಿ, ಅಲ್ಲಿಯ ಕೆಲಸಗಾರರ ಪುಟ್ಟ ಮಗುವೊಂದು ಅಸುನೀಗಿತು. ಮಗುವಿನ ತಾಯಿಗೂ ಗಾಯವಾಯಿತು. ಅಲ್ಲಿ ದ್ವೇಷವಿರಲಿಲ್ಲ, ಕ್ರೋಧವಿರಲಿಲ್ಲ. ಕೈಗೆಟಕುವಲ್ಲಿ ಒಂದು ಕೋವಿ ಇತ್ತು, ಅದರೊಳಗೆ ಈಡು ಇತ್ತು, ಅಷ್ಟೆ.

ಕೋವಿ ಕ್ರೋಧದಿಂದ ಹಾರಿದಾಗ ಅದನ್ನು ಕಂಡ ಎಳೆಯ ಮನಸ್ಸಿಗೆ ಏನಾಗುವುದೆಂಬುದನ್ನು ವಿದ್ವಾಂಸರು ಬಹುಕಾಲದಿಂದ ಪರಿಶೀಲಿಸುತ್ತ ಬಂದಿದ್ದಾರೆ. ಅಮೆರಿಕದ ಷಿಕಾಗೋ ನಗರದ ನೆರೆಹೊರೆಗಳಲ್ಲಿ ಬೆಳೆಯುತ್ತಿದ್ದ ಒಂದೂವರೆ ಸಾವಿರದಷ್ಟು ಹದಿಹರೆಯದವರನ್ನು ಹಲವು ವರ್ಷ ಅನುಸರಿಸಿ ನಡೆಸಿದ ಅಧ್ಯಯನವೊಂದು 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬಿಂಗನ್‌ಹೈಮರ್, ಬ್ರೆನನ್, ಅರ್ಲ್ಸ್ ಎಂಬ ಮೂವರು ಸಂಶೋಧಕರು, ಬಡತನ, ಕುಟುಂಬದ ಸ್ಥಿತಿ, ಹಿಂದಿನ ನಡತೆ ಮೊದಲಾದ ಅನೇಕ ವಿಷಯಗಳಲ್ಲಿ ಸಮಾನರಾದವರನ್ನೇ ಪರಸ್ಪರ ಹೋಲಿಸಿ ನೋಡಿದಾಗ, ಕೋವಿಯ ಹಿಂಸೆಯನ್ನು ಕಣ್ಣಾರೆ ಕಂಡ ಅಥವಾ ಅದಕ್ಕೆ ಗುರಿಯಾದ ಹುಡುಗ-ಹುಡುಗಿಯರು ಮುಂದಿನ ಎರಡು ವರ್ಷಗಳಲ್ಲಿ ತಾವೇ ಗಂಭೀರವಾದ ಹಿಂಸಾಕೃತ್ಯಕ್ಕೆ ಇಳಿಯುವ ಸಂಭವವು ಸರಿಸುಮಾರು ಇಮ್ಮಡಿಯಾಗುತ್ತದೆಂದು ಕಂಡುಕೊಂಡರು. ಕಂಡವರೆಲ್ಲರೂ ಹಿಂಸಕರಾಗುತ್ತಾರೆಂದು ಇದರ ಅರ್ಥವಲ್ಲ, ಬಹುಪಾಲಿನವರು ಆಗುವುದಿಲ್ಲ. ಆದರೂ ಕಂಡ ಹಿಂಸೆ ಕಣ್ಣಿನಲ್ಲಿಯೇ ನಿಂತುಹೋಗದೆ ನಡತೆಯೊಳಕ್ಕೆ ಇಳಿಯಬಲ್ಲುದೆಂಬುದು ಅದರಿಂದ ಸ್ಪಷ್ಟವಾಯಿತು.

ಷಿಕಾಗೋದ ಬೀದಿ ನಮ್ಮ ಬಂಟ್ವಾಳದ ಬಿ.ಸಿ. ರೋಡಿನಂತಲ್ಲ ಎಂದು ಓದುಗರು ಹೇಳಬಹುದು, ಅದು ನಿಜವೂ ಹೌದು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಬೀದಿಯ ಹಿಂಸೆಯಲ್ಲಿ ಕೋವಿಗಿಂತ ತಲವಾರೇ ಮುಂದು. 2025ರ ಮೇ ತಿಂಗಳಲ್ಲಿ ಬಜ್ಪೆಯಲ್ಲಿಯೂ ಬಂಟ್ವಾಳ ತಾಲ್ಲೂಕಿನ ಕೊಳತ್ತಮಜಲಿನಲ್ಲಿಯೂ ಕೆಲವೇ ವಾರಗಳ ಅಂತರದಲ್ಲಿ ನಡೆದ ಕೊಲೆಗಳ ತರುವಾಯ, ಕರಾವಳಿಯ ಕೋಮುಹಿಂಸೆಯನ್ನು ತಡೆಯಲು ರಾಜ್ಯ ಸರಕಾರ ವಿಶೇಷ ಕಾರ್ಯಪಡೆಯೊಂದನ್ನೇ ರಚಿಸಬೇಕಾಯಿತು. ಇಂಥ ಘಟನೆಗಳ ದೃಶ್ಯಗಳು ಮೊಬೈಲಿನಿಂದ ಮೊಬೈಲಿಗೆ ಹರಿದು ಎಂಟನೆಯ ತರಗತಿಯ ಹುಡುಗನ ಅಂಗೈಯವರೆಗೆ ಬಂದು ನಿಲ್ಲುತ್ತವೆ, ಅದೂ ಒಮ್ಮೆಯಲ್ಲ, ಬೇಕೆಂದಾಗಲೆಲ್ಲ. ಆದುದರಿಂದ ಇಲ್ಲಿಯ ಹದಿಹರೆಯದವರು ಆಯುಧವನ್ನು ಕಾಣುವುದು ಮೂರು ಎಡೆಗಳಲ್ಲಿ: ಮನೆಯ ಮೂಲೆಯಲ್ಲಿ, ಆಟ-ಸಿನಿಮಾಗಳ ಪರದೆಯಲ್ಲಿ, ವಾಟ್ಸ್ಆಪ್‌ನ ಗುಂಪುಗಳಲ್ಲಿ. ಈ ಮೂರೂ ಒಂದೇ ಮನಸ್ಸಿನಲ್ಲಿ ಕೂಡಿಕೊಳ್ಳುತ್ತವೆಂಬುದನ್ನು ನಾವು ಮರೆಯುತ್ತೇವೆ.

ಆಯುಧದ ಬರಿಯ ಸಾನ್ನಿಧ್ಯವೇ ಕೋಪವನ್ನು ಬೆಳೆಸುತ್ತದೆಯೆ ಎಂಬ ಪ್ರಶ್ನೆಯನ್ನು ಮೊದಲು ಪ್ರಯೋಗಕ್ಕೆ ಒಡ್ಡಿದವರು ಬರ್ಕೊವಿಟ್ಜ್ ಮತ್ತು ಲೆಪಾಜ್. 1967ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ 100 ವಿದ್ಯಾರ್ಥಿಗಳಲ್ಲಿ ಕೆಲವರನ್ನು ಬೇಕೆಂದೇ ಕೆರಳಿಸಿ, ಅನಂತರ ತಮ್ಮನ್ನು ಕೆರಳಿಸಿದವನಿಗೆ ಸಣ್ಣ ವಿದ್ಯುದಾಘಾತ ಕೊಡುವ ಅವಕಾಶವನ್ನು ಅವರಿಗೆ ಒದಗಿಸಿದಾಗ, ಮೇಜಿನ ಮೇಲೆ ಬಂದೂಕು ಬಿದ್ದಿರುವುದನ್ನು ಕಂಡ ಕೋಪಿಷ್ಠರು ಹೆಚ್ಚು ಆಘಾತಗಳನ್ನು ಕೊಟ್ಟರು. ಈ ಫಲಿತಾಂಶ ಎಲ್ಲರ ಕೈಯಲ್ಲಿಯೂ ಹಾಗೆಯೇ ಮರುಕಳಿಸಲಿಲ್ಲ. ಅದರ ಬಲವೆಷ್ಟೆಂಬ ವಿವಾದ ಇಂದಿಗೂ ಮುಗಿದಿಲ್ಲ. ನನಗೆ ಇದಕ್ಕಿಂತ ಅರ್ಥಪೂರ್ಣವಾಗಿ ತೋರುವುದು 2005ರಲ್ಲಿ ಬಾರ್ತಲೋ ಮತ್ತು ಸಂಗಡಿಗರು ಮಾಡಿದ ಇನ್ನೊಂದು ಪರೀಕ್ಷೆ. ಬೇಟೆಯ ಕೋವಿಯ ಚಿತ್ರವನ್ನು ಕಂಡಾಗ ಬೇಟೆ ಬಲ್ಲವರ ಮನಸ್ಸು ಹಿಂಸೆಯ ಕಡೆಗೆ ಅಷ್ಟಾಗಿ ವಾಲಲಿಲ್ಲ, ಬೇಟೆ ಅರಿಯದವರ ಮನಸ್ಸು ವಾಲಿತು. ಮನುಷ್ಯರನ್ನು ಕೊಲ್ಲಲೆಂದೇ ಮಾಡಿದ ಸೈನಿಕ ಬಂದೂಕಿನ ಚಿತ್ರವನ್ನು ಕಂಡಾಗ ಬೇಟೆಗಾರರ ಮನಸ್ಸೂ ಕದಡಿತು. ಅಂದರೆ ಕೋವಿ ತಾನಾಗಿಯೇ ಮಾತನಾಡುವುದಿಲ್ಲ. ಅದು ಯಾವ ಕೆಲಸಕ್ಕೆ ಇರುವುದೆಂದು ನಾವು ಕಲಿಸಿರುತ್ತೇವೆಯೋ ಆ ಕೆಲಸವನ್ನೇ ಮನಸ್ಸಿಗೆ ನೆನಪಿಸುತ್ತದೆ.

ನೆರೆಯ ಕೊಡಗನ್ನು ಈ ಬೆಳಕಿನಲ್ಲಿ ನೋಡಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಕಾನೂನಿನಿಂದ ದೊರೆತಿರುವ ವಿನಾಯಿತಿಯನ್ನು ಕೇಂದ್ರ ಸರಕಾರ 2029ರವರೆಗೆ ವಿಸ್ತರಿಸಿದೆ. ಹುಟ್ಟಿಗೂ ಸಾವಿಗೂ ಅಲ್ಲಿ ಗುಂಡು ಹಾರುತ್ತದೆ, ಕೈಲ್ ಮುಹೂರ್ತದ ಹಬ್ಬದಂದು ಕೋವಿಗೆ ಹೂವೇರಿಸಿ ಪೂಜೆ ನಡೆದು, ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಯೂ ಜರುಗುತ್ತದೆ. ಅಲ್ಲಿ ಹುಡುಗನು ಕೋವಿಯನ್ನು ಕಾಣುವುದು ಹಿರಿಯರ ಸಮಕ್ಷಮದಲ್ಲಿ, ಗೊತ್ತಾದ ದಿನದಲ್ಲಿ, ಗೊತ್ತಾದ ಗುರಿಗೆ. ಸಂಪ್ರದಾಯವೊಂದರಿಂದಲೇ ಅಪಘಾತ ತಪ್ಪುವುದೆಂದು ನಾನು ಹೇಳುತ್ತಿಲ್ಲ. ಕೋವಿಯ ಅರ್ಥವನ್ನು ಹಿರಿಯರು ನಿಶ್ಚಯಿಸದಿದ್ದರೆ ಮೊಬೈಲ್ ನಿಶ್ಚಯಿಸುವುದೆಂಬುದಷ್ಟೇ ನನ್ನ ತಾತ್ಪರ್ಯ.

ಬೆಳ್ತಂಗಡಿಯ ಕೃಷಿಕ ತಂದೆ ಮಗನಿಗೆ ಮೊದಲು ಹೇಳಬೇಕಾದ ಮಾತು ಇದೇ ಆಗಿದೆ: ಇದು ಹಂದಿ ಓಡಿಸುವ ಉಪಕರಣ, ಮನುಷ್ಯನ ಕಡೆಗೆ ತಮಾಷೆಗೂ ತಿರುಗಿಸತಕ್ಕುದಲ್ಲ, ಖಾಲಿಯೆಂದು ಗೊತ್ತಿದ್ದರೂ ತಿರುಗಿಸತಕ್ಕುದಲ್ಲ. ಈ ಮಾತು ನಾಲಗೆಯಿಂದ ಮಾತ್ರ ಬಂದರೆ ಸಾಲದು. ನೆರೆಯವನೊಡನೆ ಗಡಿಯ ತಕರಾರು ಬಂದಾಗ "ಕೋವಿ ಉಂಟು ನನ್ನ ಹತ್ರ, ನೋಡಿಕೊ" ಎಂದು ಅಂಗಳದಲ್ಲಿ ನಿಂತು ಕೂಗುವ ತಂದೆ, ಅದೇ ರಾತ್ರಿ ಮಗನಿಗೆ ಶಾಂತಿಯ ಪಾಠ ಹೇಳುವುದು ನಿರರ್ಥಕ. 2021ರಲ್ಲಿ ಮಂಗಳೂರಿನಲ್ಲಿ ಹಣದ ತಕರಾರೊಂದರ ನಡುವೆ ತಂದೆಯ ಪಿಸ್ತೂಲಿನಿಂದ ಹಾರಿದ ಗುಂಡು ಅಲ್ಲಿಯೇ ಇದ್ದ ಹದಿಹರೆಯದ ಮಗನಿಗೇ ತಗುಲಿ ಅವನು ಬದುಕುಳಿಯಲಿಲ್ಲವೆಂಬುದನ್ನು ಈ ಜಿಲ್ಲೆ ಇನ್ನೂ ಮರೆತಿಲ್ಲ.

ಇಷ್ಟಾದರೂ ಬುದ್ಧಿಮಾತನ್ನು ನೆಚ್ಚಿ ಕೂರಬಾರದೆಂಬುದಕ್ಕೆ ಪ್ರಮಾಣಗಳಿವೆ. 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಎಂಟರಿಂದ ಹನ್ನೆರಡು ವರ್ಷದ 64 ಬಾಲಕರನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ, ಗುಂಡು ಹಾರದಂತೆ ಮಾಡಿದ ನಿಜವಾದ ಪಿಸ್ತೂಲನ್ನು ಅಡಗಿಸಿಟ್ಟಿದ್ದ ಕೋಣೆಯಲ್ಲಿ ಬಿಟ್ಟಾಗ, ಅದನ್ನು ಕಂಡುಹಿಡಿದ ಗುಂಪುಗಳಲ್ಲಿ ಮುಕ್ಕಾಲು ಪಾಲು ಅದನ್ನು ಕೈಗೆತ್ತಿಕೊಂಡವು, ಅರ್ಧದ ಆಸುಪಾಸು ಗುಂಪುಗಳಲ್ಲಿ ಒಬ್ಬನಾದರೂ ಅದರ ಕುದುರೆಯನ್ನು (ಟ್ರಿಗರನ್ನು) ಎಳೆದನು. 2017ರಲ್ಲಿ ಡಿಲನ್ ಮತ್ತು ಬುಷ್ಮನ್ 104 ಮಕ್ಕಳಿಗೆ ಸಿನಿಮಾದ ತುಣುಕನ್ನು, ಕೆಲವರಿಗೆ ಬಂದೂಕುಗಳನ್ನು ಉಳಿಸಿ, ಕೆಲವರಿಗೆ ತೆಗೆದುಹಾಕಿ ತೋರಿಸಿದರು. ಬಂದೂಕುಗಳಿದ್ದ ಸಿನಿಮಾ ನೋಡಿದವರು ಕೋಣೆಯಲ್ಲಿ ಸಿಕ್ಕಿದ ಪಿಸ್ತೂಲನ್ನು ಬಹಳ ಹೆಚ್ಚು ಹೊತ್ತು ಹಿಡಿದರು, ಬಹಳ ಹೆಚ್ಚು ಸಾರಿ ಕುದುರೆ ಎಳೆದರು. 2019ರಲ್ಲಿ ಆಟದ ಪರದೆಯನ್ನಿಟ್ಟು ನಡೆಸಿದ ಪರೀಕ್ಷೆಯಲ್ಲಿಯೂ, ಬಂದೂಕಿನ ಆಟ ಆಡಿದ ಮಕ್ಕಳಲ್ಲಿ ಶೇಕಡಾ 62ರಷ್ಟು ಮಂದಿ ಪಿಸ್ತೂಲನ್ನು ಮುಟ್ಟಿದರೆ, ಹಿಂಸೆಯಿಲ್ಲದ ಆಟ ಆಡಿದವರಲ್ಲಿ ಮುಟ್ಟಿದವರು ಶೇಕಡಾ 44. ಈ ಎರಡನೆಯ ಅಂಕಿಯನ್ನೂ ತಂದೆತಾಯಿಗಳು ಗಮನಿಸಬೇಕು: ಯಾವ ಹಿಂಸೆಯನ್ನೂ ಆಡದೆ ಕೂತ ಮಕ್ಕಳಲ್ಲಿಯೂ ಅರ್ಧಕ್ಕೆ ಸಮೀಪದವರು ಮುಟ್ಟಿದರು. "ನಮ್ಮ ಹುಡುಗ ಪಾಪದವ, ಅದರ ಹತ್ತಿರಕ್ಕೂ ಹೋಗುವವನಲ್ಲ" ಎಂಬ ತಾಯಿಯ ಭರವಸೆಗೆ ಬೀಗದ ಕೆಲಸ ಮಾಡಲು ಬರುವುದಿಲ್ಲ.

ಹದಿಹರೆಯದ ಮನಸ್ಸಿನಲ್ಲಿ ಉದ್ವೇಗವೆಂಬುದು ಬೇಗ ಹತ್ತಿ ಬೇಗ ಆರುವ ಒಣ ಸೋಗೆಯ ಬೆಂಕಿಯಂಥದು. ಭಾವಗಳನ್ನು ಕೆರಳಿಸುವ ಮೆದುಳಿನ ಭಾಗಗಳು ಬಲಿತಷ್ಟು ಬೇಗ, ಅವುಗಳನ್ನು ಹಿಡಿದು ನಿಲ್ಲಿಸುವ ಮುಂಭಾಗ ಬಲಿಯುವುದಿಲ್ಲ. ಅದು ಪೂರ್ಣವಾಗಿ ಪಕ್ವವಾಗುವುದು ಇಪ್ಪತ್ತೈದರ ಆಸುಪಾಸಿನಲ್ಲಿ ಎಂದು ವೈದ್ಯವಿಜ್ಞಾನ ಹೇಳುತ್ತದೆ. ಅಣ್ಣನೊಡನೆ ಮೊಬೈಲಿಗಾಗಿ ನಡೆದ ಕಾದಾಟ, ಪರೀಕ್ಷೆಯಲ್ಲಿ ಕಡಿಮೆಯಾದ ಅಂಕ, ಪ್ರೇಮದಲ್ಲಾದ ಅವಮಾನ, ಎಲ್ಲರೆದುರು ಅಪ್ಪ ಹೊಡೆದ ಪೆಟ್ಟು, ಇವುಗಳಿಂದ ಏಳುವ ಜ್ವಾಲೆ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ತಗ್ಗುತ್ತದೆ. ಆ ಸ್ವಲ್ಪ ಹೊತ್ತನ್ನು ದಾಟಿಸುವುದೇ ಗೃಹಸ್ಥನ ಸಮಸ್ತ ಜಾಣ್ಮೆ. ಕೋಪಕ್ಕೂ ಕೋವಿಗೂ ನಡುವೆ ಒಂದು ಬೀಗ, ಕೋವಿಗೂ ತೋಟೆಗೂ ನಡುವೆ ಇನ್ನೊಂದು ಬೀಗ, ಬೀಗಕ್ಕೂ ಕೀಲಿಕೈಗೂ ನಡುವೆ ಒಂದು ಗುಟ್ಟು. ಈ ಅಂತರ ಇತರರನ್ನು ಮಾತ್ರವಲ್ಲ, ಆ ಮಗುವನ್ನೂ ತನ್ನಿಂದಲೇ ರಕ್ಷಿಸುತ್ತದೆ; ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶಗಳು ಬರುವ ವಾರಗಳಲ್ಲಿ, ಅಂಕಗಳ ಪ್ರತಿಷ್ಠೆಗೆ ಹೆಸರಾದ ನಮ್ಮ ಜಿಲ್ಲೆಯಲ್ಲಿ, ಈ ಮಾತನ್ನು ಇನ್ನಷ್ಟು ಬಿಡಿಸಿ ಹೇಳಬೇಕಾಗಿಲ್ಲ.

ಅಂತರದಿಂದಾಗುವ ಪ್ರಯೋಜನವನ್ನು ಅಳೆದವರಿದ್ದಾರೆ. ಗ್ರಾಸ್‌ಮನ್ ಮತ್ತು ಸಂಗಡಿಗರು 2005ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ, ಮನೆಯ ಬಂದೂಕಿನಿಂದ ಮಕ್ಕಳು ಮತ್ತು ಹದಿಹರೆಯದವರು ತಮ್ಮನ್ನು ತಾವೇ ಘಾಸಿಗೊಳಿಸಿಕೊಂಡ ಅಥವಾ ಆಕಸ್ಮಿಕವಾಗಿ ಗಾಯಗೊಂಡ ಪ್ರಸಂಗಗಳನ್ನು ಪರಿಶೀಲಿಸಿ, ಕೋವಿಗೆ ಬೀಗ ಹಾಕಿದ್ದಲ್ಲಿ ಅಪಾಯವು ಶೇಕಡಾ 73ರಷ್ಟು, ಈಡು ತುಂಬದೆ ಇಟ್ಟಿದ್ದಲ್ಲಿ 70ರಷ್ಟು, ಗುಂಡುಗಳಿಗೇ ಬೇರೆ ಬೀಗವಿದ್ದಲ್ಲಿ 61ರಷ್ಟು, ಗುಂಡುಗಳನ್ನು ಪ್ರತ್ಯೇಕ ಸ್ಥಳದಲ್ಲಿಟ್ಟಲ್ಲಿ 55ರಷ್ಟು ಕಡಿಮೆಯೆಂದು ತೋರಿಸಿದರು. ಯಾವ ಔಷಧವೂ ಇಷ್ಟು ಅಗ್ಗದಲ್ಲಿ ಇಷ್ಟು ಗುಣ ಕೊಡುವುದನ್ನು ನಾನು ಕಾಣೆ.

ಇನ್ನು ಕಾರ್ಯಕ್ಕೆ ಬರೋಣ. ಚಾವಡಿಯ ಗೋಡೆಗೆ ಕೋವಿಯನ್ನು ಅಲಂಕಾರವಾಗಿ ತೂಗುಹಾಕುವುದು, ಬಾಗಿಲಿನ ಮರೆಯಲ್ಲಿ ಒರಗಿಸಿಡುವುದು, ಅಟ್ಟದ ಮೇಲೆ ಗೋಣಿಯಡಿ ಅಡಗಿಸುವುದು, ತೋಟದ ಪಂಪ್‌ಶೆಡ್ಡಿನಲ್ಲಿ ಬಿಟ್ಟುಬರುವುದು, ಇವೆಲ್ಲವೂ ಸಮಾನವಾಗಿ ತಪ್ಪು. ಅಡಗಿಸಿದ್ದನ್ನು ಮಕ್ಕಳು ಹುಡುಕಿ ತೆಗೆಯುತ್ತಾರೆ. ಮನೆಯ ಅಟ್ಟದಲ್ಲಿ ಏನಿದೆಯೆಂಬುದನ್ನು ಯಜಮಾನನಿಗಿಂತ ಮಕ್ಕಳೇ ಚೆನ್ನಾಗಿ ಬಲ್ಲರು. ಗೋಡೆಗೋ ನೆಲಕ್ಕೋ ಬಿಗಿದು ಕೂರಿಸಿದ ಕಬ್ಬಿಣದ ಕಪಾಟು ಉತ್ತಮ. ಅದು ಸಾಧ್ಯವಾಗದಲ್ಲಿ ಬಲವಾದ ಮರದ ಪೆಟ್ಟಿಗೆಗೆ ಒಳ್ಳೆಯ ಬೀಗ, ಅದರ ಜತೆಗೆ ಕುದುರೆಗೆ ಕೈ ತಲುಪದಂತೆ ತಡೆಯುವ ಬೇರೆ ಬೀಗ. ತೋಟೆಗಳು ಇನ್ನೊಂದು ಕೋಣೆಯಲ್ಲಿ, ಇನ್ನೊಂದು ಬೀಗದಡಿಯಲ್ಲಿ, ಎಣಿಸಿ ಬರೆದಿಟ್ಟ ಲೆಕ್ಕದೊಡನೆ ಇರಲಿ. ಒಂದು ತೋಟೆ ಕಡಿಮೆಯಾದರೆ ಅಂದೇ ಗೊತ್ತಾಗಬೇಕು. ಕೀಲಿಕೈಯನ್ನು ದೇವರ ಕೋಣೆಯ ಮೊಳೆಗೆ ಸಿಕ್ಕಿಸುವ ಪದ್ಧತಿ ನಮ್ಮಲ್ಲಿ ಬಹಳ. ಅದನ್ನು ಕೈಬಿಟ್ಟು ಪರವಾನಗಿದಾರ ತನ್ನ ಬಳಿಯಲ್ಲೇ ಇಟ್ಟುಕೊಳ್ಳುವುದು ಒಳಿತು.

ಕೇಪಿನ ಕೋವಿಯಿರುವ ಮನೆಗಳಲ್ಲಿ ಒಂದು ವಿಶೇಷ ಅಪಾಯವಿದೆ. ನಳಿಗೆಯ ಬಾಯಿಂದ ಮದ್ದು ತುಂಬಿ ಗಜದಿಂದ ಜಡಿದ ಮೇಲೆ ಅದನ್ನು ಹೊರತೆಗೆಯುವುದು ಕಷ್ಟವಾದ್ದರಿಂದ, ಹಂದಿ ಬಾರದ ರಾತ್ರಿ ಈಡನ್ನು ಹಾಗೆಯೇ ಉಳಿಸಿ, ಕೇಪನ್ನು ಮಾತ್ರ ತೆಗೆದು, ಕೋವಿಯನ್ನು ಒಳಗೆ ತಂದಿಡುವವರಿದ್ದಾರೆ. ಇಂಥ ಕೋವಿ ಖಾಲಿಯಲ್ಲ, ತುಂಬಿದ ಕೋವಿಯೇ. ಅಗತ್ಯ ಬರುವವರೆಗೆ ಮದ್ದು ತುಂಬದಿರುವುದು, ಮನೆಯ ಹೊಸ್ತಿಲನ್ನು ತುಂಬಿದ ಕೋವಿ ದಾಟದಂತೆ ನೋಡಿಕೊಳ್ಳುವುದು, ಈ ಎರಡು ಕಟ್ಟಳೆಗಳನ್ನು ಯಜಮಾನ ತನಗೆ ತಾನೇ ವಿಧಿಸಿಕೊಳ್ಳಬೇಕು. ಹಂದಿಗೆಂದು ಇಡುವ ಸಿಡಿಮದ್ದಿನ ಉಂಡೆಗಳ ವಿಚಾರದಲ್ಲಿ ಹೇಳುವುದಕ್ಕೇನೂ ಇಲ್ಲ: ಅವು ಕಾನೂನಿಗೂ ವಿರುದ್ಧ, ಹಸು-ನಾಯಿಗಳಿಗೂ ಮಕ್ಕಳಿಗೂ ಮೃತ್ಯು.

ಕಾನೂನಿನ ಕೆಲವು ಅಂಶಗಳನ್ನು ತಿಳಿದಿರಬೇಕು. 1959ರ ಆಯುಧ ಕಾಯಿದೆಯ ಪ್ರಕಾರ 21 ವರ್ಷ ತುಂಬದವರು ಕೋವಿಯನ್ನು ಪಡೆಯುವಂತಿಲ್ಲ, ಹೊಂದುವಂತಿಲ್ಲ, ಒಯ್ಯುವಂತಿಲ್ಲ. ಮತದಾನಕ್ಕೆ 18 ಸಾಕಾದರೂ ಕೋವಿಗೆ ಸಾಲದು. 1983ರ ತಿದ್ದುಪಡಿಯವರೆಗೆ ಈ ಮಿತಿ 16 ಆಗಿತ್ತೆಂಬುದು ಇಂದು ಆಶ್ಚರ್ಯವೆನಿಸಬಹುದು. ಗುರಿಕ್ರೀಡೆ ಕಲಿಯುವ ಕಿರಿಯರಿಗೆ 12 ವರ್ಷದಿಂದ ಮೇಲೆ ತರಬೇತಿಯ ನಿಯಮಗಳಿಗೊಳಪಟ್ಟ ಅವಕಾಶವಿದೆ; ಎನ್‌ಸಿಸಿ ಶಿಬಿರಗಳಲ್ಲಿ ಕೆಡೆಟ್‌ಗಳು ಅಧಿಕಾರಿಗಳ ಕಣ್ಣೆದುರಿನಲ್ಲಿ ಗುಂಡು ಹಾರಿಸುವುದೂ ಉಂಟು. ಬಂದೂಕಿನಲ್ಲಿ ಅತ್ಯಾಸಕ್ತಿಯುಳ್ಳ ಹುಡುಗನಿಗೆ ಈ ಶಿಸ್ತಿನ ಮಾರ್ಗವನ್ನು ತೋರಿಸುವುದು, ಮನೆಯ ಕೋವಿಯನ್ನು ಗುಟ್ಟಾಗಿ ಮುಟ್ಟುವಂತೆ ಬಿಡುವುದಕ್ಕಿಂತ ಎಷ್ಟೋ ಮೇಲು. 2019ರ ತಿದ್ದುಪಡಿಯಿಂದ, ಮದುವೆ-ಮೆರವಣಿಗೆಗಳ ಸಂಭ್ರಮದಲ್ಲಿಯಾಗಲಿ ಅಜಾಗರೂಕತೆಯಿಂದಾಗಲಿ ಗುಂಡು ಹಾರಿಸಿ ಪ್ರಾಣಕ್ಕೆ ಅಪಾಯ ತಂದರೆ ಎರಡು ವರ್ಷದವರೆಗಿನ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗಿನ ದಂಡ ಅಥವಾ ಎರಡೂ ಬೀಳಬಹುದು. ಏರ್‌ಗನ್ನಿನ ವಿಷಯದಲ್ಲಿ ಪೋಷಕರು ಬಹಳ ಉದಾರರು. ಚಿಕ್ಕ ನಳಿಗೆಯ, ಕಡಿಮೆ ಶಕ್ತಿಯ ಏರ್‌ಗನ್ನಿಗೆ ಪರವಾನಗಿ ಬೇಡವೆಂಬುದು ನಿಜವಾದರೂ, ಅದು ಕಣ್ಣು ಕಳೆಯಬಲ್ಲುದು, ಅದರಿಂದ ಹಕ್ಕಿ ಹೊಡೆಯುವುದು ವನ್ಯಜೀವಿ ಕಾನೂನಿನಂತೆ ಅಪರಾಧ. ಹುಟ್ಟುಹಬ್ಬದ ಉಡುಗೊರೆಯಾಗಿ ಅದನ್ನು ಕೊಡುವವರನ್ನು ನಾನು ಒಪ್ಪಲಾರೆ.

ಮಗನ ನಡತೆಯಲ್ಲಿ ಯಾವುದನ್ನು ಗಮನಿಸಬೇಕು? ಕೋಪ ಬರುವುದು ಲಕ್ಷಣವಲ್ಲ, ಹದಿಹರೆಯದಲ್ಲಿ ಕೋಪ ಬಾರದಿದ್ದರೇ ಯೋಚಿಸಬೇಕು. ಕೋಪ ಇಳಿಯದೆ ದಿನಗಟ್ಟಲೆ ಒಬ್ಬ ನಿರ್ದಿಷ್ಟ ವ್ಯಕ್ತಿಯ ಮೇಲೆ ನಿಲ್ಲುವುದು, ಮೂಕಪ್ರಾಣಿಗಳನ್ನು ಹಿಂಸಿಸುವುದು, ತಲವಾರು-ಪಿಸ್ತೂಲು ಹಿಡಿದ ಭಾವಚಿತ್ರಗಳನ್ನು ಸ್ಟೇಟಸ್‌ಗೆ ಹಾಕಿ ಹೆಮ್ಮೆಪಡುವುದು, ಕೊಲೆಯ ವಿಡಿಯೋಗಳನ್ನು ಮತ್ತೆ ಮತ್ತೆ ನೋಡುವುದು, ನಿದ್ರೆ-ಊಟಗಳನ್ನು ಬಿಟ್ಟು ಒಬ್ಬನೇ ಇರುವುದು, "ನಾನು ಇಲ್ಲದಿದ್ದರೇ ನಿಮಗೆ ಒಳ್ಳೆಯದು" ಎಂಬಂಥ ಮಾತನ್ನಾಡುವುದು, ತೋಟೆ ಎಲ್ಲಿದೆ ಎಂದು ಕಾರಣವಿಲ್ಲದೆ ವಿಚಾರಿಸುವುದು, ಇವು ಬೇರೆ ಬೇರೆಯಾಗಿ ಕಂಡಾಗಲೂ ವಿಚಾರಿಸತಕ್ಕವು, ಕೂಡಿ ಬಂದಾಗ ತಡಮಾಡದೆ ವಿಚಾರಿಸತಕ್ಕವು. ಊರಿನ ಕೊಲೆಯ ವಿಡಿಯೋ ಮಗನ ಮೊಬೈಲಿನಲ್ಲಿ ಕಂಡರೆ ಮೊಬೈಲು ಕಸಿದುಕೊಳ್ಳುವುದಕ್ಕೆ ಮೊದಲು, ಅದನ್ನು ನೋಡಿ ಅವನಿಗೆ ಏನನ್ನಿಸಿತೆಂದು ಕೇಳಿರಿ. ಭಯವನ್ನು ಮುಚ್ಚಿಕೊಳ್ಳಲೆಂದೇ ಶೌರ್ಯದ ಮಾತಾಡುವ ಹುಡುಗರು ಬಹಳ ಮಂದಿ. ಉಜಿರೆ, ಮೂಡುಬಿದಿರೆಗಳ ಹಾಸ್ಟೆಲುಗಳಲ್ಲಿರುವ ಮಕ್ಕಳ ವಿಷಯದಲ್ಲಿ ಈ ಪ್ರಶ್ನೆ ವಾರ್ಡನರಿಂದ ಬರಬೇಕು, ರಜೆಯಲ್ಲಿ ಮನೆಗೆ ಬಂದಾಗ ತಂದೆತಾಯಿಗಳಿಂದ.

ನೆರೆಮನೆಗೆ ಮಕ್ಕಳನ್ನು ಆಡಲು ಕಳುಹಿಸುವಾಗಲೂ ಸಂಕೋಚ ಬೇಡ. "ಅಣ್ಣಾ, ಹುಡುಗರು ಬರ್ತಾ ಇದ್ದಾರೆ, ಕೋವಿಗೆ ಬೀಗ ಹಾಕಿ ಉಂಟಲ್ಲ?" ಎಂದು ಕೇಳಿದರೆ ಯಾವ ಸಜ್ಜನನೂ ಬೇಸರಪಡುವುದಿಲ್ಲ, ಬೇಸರಪಡುವವನ ಮನೆಗೆ ಮಕ್ಕಳನ್ನು ಕಳುಹಿಸದಿರುವುದೇ ಲೇಸು.

ಸಹಾಯಕ್ಕೆ ದಾರಿಗಳಿವೆ. 14416 ಎಂಬ ಟೆಲಿ ಮಾನಸ್ ಸಂಖ್ಯೆ 2022ರ ಅಕ್ಟೋಬರ್‌ನಿಂದ ಇದ್ದು, ಕನ್ನಡದಲ್ಲಿಯೇ ಮಾತನಾಡಿ ಹಗಲಿರುಳು ಉಚಿತವಾಗಿ ಮನೋವೈದ್ಯ ಸಲಹೆ ಪಡೆಯಬಹುದು. ಹದಿನೆಂಟರೊಳಗಿನ ಮಕ್ಕಳ ಯಾವ ಸಂಕಷ್ಟಕ್ಕಾದರೂ 1098. ಮುಖಾಮುಖಿ ವೈದ್ಯರನ್ನು ಕಾಣಬೇಕೆಂದರೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಬಡವರಿಗೂ ದೂರವಲ್ಲ. ಕೋವಿ ಕೈಯಲ್ಲಿ ಹಿಡಿದು ನಿಂತವನೊಡನೆ ಬಲಪ್ರಯೋಗಕ್ಕಾಗಲಿ ವಾದಕ್ಕಾಗಲಿ ಇಳಿಯದೆ, ಉಳಿದ ಮಕ್ಕಳನ್ನು ಹೊರಗೆ ಕಳುಹಿಸಿ, 112ಕ್ಕೆ ಕರೆಮಾಡಬೇಕು. ಗುಂಡು ತಗುಲಿದ ಗಾಯಕ್ಕೆ ಅರಸಿನ-ಸೊಪ್ಪುಗಳ ಉಪಚಾರ ಬೇಡ. ಶುಭ್ರವಾದ ಬಟ್ಟೆಯನ್ನು ಗಾಯದ ಮೇಲೆ ಬಲವಾಗಿ ಒತ್ತಿಹಿಡಿದು, ಒಳಗಿನ ಗುಂಡನ್ನು ಕೀಳಲು ಹೋಗದೆ, 108ರ ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಒಯ್ಯುವುದು.

ಮನೆಯ ಹುಡುಗನ ಮನಸ್ಸು ಕೆಟ್ಟಿರುವ ಕಾಲದಲ್ಲಿ ಬೀಗಕ್ಕಿಂತಲೂ ಉತ್ತಮವಾದ ಉಪಾಯ ಕೋವಿಯನ್ನೇ ಕೆಲವು ಕಾಲ ಮನೆಯಿಂದ ಹೊರಗಿಡುವುದು. ಚುನಾವಣೆಯ ಹೊತ್ತಿನಲ್ಲಿ ಕೋವಿಗಳನ್ನು ಠಾಣೆಯಲ್ಲಿ ಠೇವಣಿಯಿಡಿಸುವಾಗ ಕೃಷಿಕರು ಗೊಣಗುತ್ತಾರೆ, ಆ ಗೊಣಗಾಟಕ್ಕೆ ಕಾರಣವೂ ಇದೆ. ಆದರೂ ಆ ವಾರಗಳನ್ನು ಡಬ್ಬಿ ಬಡಿದೋ ಪಟಾಕಿ ಹಚ್ಚಿಯೋ ಹೇಗೋ ದಾಟಿದ ಅನುಭವ ಎಲ್ಲರಿಗೂ ಇದೆ. ಅದೇ ಕ್ರಮವನ್ನು ಸ್ವಂತ ಇಚ್ಛೆಯಿಂದ ಅನುಸರಿಸಬಹುದು. ಬಂಟ್ವಾಳ, ಬೆಳ್ತಂಗಡಿಯವರು ದಕ್ಷಿಣ ಕನ್ನಡ ಜಿಲ್ಲಾ ಪೊಲೀಸಿನ ತಮ್ಮ ಠಾಣೆಯಲ್ಲಿ, ಮೂಡುಬಿದಿರೆಯವರು ಮಂಗಳೂರು ಕಮಿಷನರೇಟಿಗೆ ಸೇರಿದ ತಮ್ಮ ಠಾಣೆಯಲ್ಲಿ ವಿಚಾರಿಸಿ, ಅಲ್ಲಿಯಾಗಲಿ, ಆಯುಧಗಳನ್ನು ಸುರಕ್ಷಿತವಾಗಿ ಇರಿಸಿಕೊಳ್ಳುವ ಪರವಾನಗಿಯುಳ್ಳ ಕೋವಿ ಅಂಗಡಿಯಲ್ಲಾಗಲಿ ಒಪ್ಪಿಸಬಹುದು. ಪರವಾನಗಿದಾರ ತೀರಿಹೋದ ಮನೆಗಳಲ್ಲಂತೂ ಇದು ಇಚ್ಛೆಯ ಮಾತಲ್ಲ. ವಾರಸುದಾರನ ಹೆಸರಿಗೆ ಪರವಾನಗಿ ಆಗುವವರೆಗೆ ಅಜ್ಜನ ಕೋವಿ ಮನೆಯಲ್ಲಿ ಉಳಿಯುವಂತಿಲ್ಲ. ಒಯ್ಯುವಾಗ ಪರವಾನಗಿ ಪುಸ್ತಕ ಜತೆಗಿರಲಿ, ಕೋವಿ ಈಡಿಲ್ಲದೆ ಖಾಲಿಯಿರಲಿ, ತೋಟೆಗಳು ಬೇರೆ ಚೀಲದಲ್ಲಿರಲಿ. ಕೊಟ್ಟ ರಸೀದಿಯಲ್ಲಿ ಕೋವಿಯ ನಂಬರು ಹಾಗೂ ತೋಟೆಗಳ ಎಣಿಕೆ ಸರಿಯಾಗಿ ಬರೆದಿದೆಯೇ ಎಂದು ಅಲ್ಲಿಯೇ ನಿಂತು ನೋಡಿಕೊಂಡು, ಪರವಾನಗಿಯ ನವೀಕರಣದ ತಾರೀಕನ್ನೂ ಅದರ ಹಿಂಬದಿಯಲ್ಲಿ ಗುರುತಿಸಿಡುವುದು. ಕೋವಿ ಠೇವಣಿಯಲ್ಲಿದ್ದರೂ ನವೀಕರಣದ ಗಡುವು ನಿಲ್ಲುವುದಿಲ್ಲ.